ಎಳೆತ, ಸೆಳೆತ

ರೀ,

ನಾನು ಕ್ಷೇಮ. ಅಲ್ಲಿ ನಿಮ್ಮ ಸೇತುವೆ ಕೆಲಸ ಮುಗಿಯುವ ಸೂಚನೆ ಇದೆಯೇ?

ಪ್ರಯೋಗಾಲಯದಲ್ಲಿ ಈಗ ಜೇಡಿಮಣ್ಣು ಬೆರೆಸಿದ ಪ್ಲಾಸ್ಟಿಕ್ ಹಾಳೆಗಳನ್ನು ಎಳೆದು ನೋಡುತ್ತಿದ್ದೇವೆ. ಕಣ್ಣಿಗೆ ಕಾಣದಷ್ಟು ಸಣ್ಣ ಮಣ್ಣಿನ ಚಕ್ಕೆಗಳು ಮೊದಲು ಅಡ್ಡಾದಿಡ್ಡಿ ಬಿದ್ದಿರುತ್ತವೆ. ಎಳೆದಾಗ ಎಲ್ಲವೂ ಎಳೆದ ಕಡೆಗೇ ತಿರುಗುತ್ತವೆ. ಕೈಬಿಟ್ಟರೂ ಪೂರ್ತಿ ಮೊದಲಿನಂತಾಗುವುದಿಲ್ಲ.

ವರದಿಯಲ್ಲಿ ‘ಎಳೆತ’ ಎನ್ನಬೇಕಾದ ಕಡೆಯೆಲ್ಲ ‘ಸೆಳೆತ’ ಎಂದು ಬರೆದುಬಿಟ್ಟಿದ್ದೆ. ಮೇಲಧಿಕಾರಿ ಕನ್ನಡಕ ಸರಿಸಿ, “ಯಾರದಮ್ಮಾ ಈ ಸೆಳೆತ? ಮಣ್ಣಿಂದೋ, ನಿಂದೋ?” ಎಂದರು.

“ಮಣ್ಣಿಂದೇ ಸಾರ್,” ಎಂದೆ.

ನೀಲಿ ಸ್ವೆಟರ್ ಕಳಿಸಿದ್ದೇನೆ. ಚುಚ್ಚುತ್ತದೆಂದು ಮೂಲೆಗೆ ಎಸೆಯದೆ ಹಾಕಿಕೊಳ್ಳಿ.

ಇನ್ನೊಂದು ಮಾತು. ಮನೆಯ ಕುರ್ಚಿಗಳೆಲ್ಲ ಅದು ಹೇಗೋ ಬಾಗಿಲ ಕಡೆಗೇ ಮುಖ ಮಾಡಿಕೊಂಡಿವೆ. ಒಳಗೆ ಬರುವಾಗ ಎಡವಬೇಡಿ.

ನೀವು ರೇಗಿಸುವ
ಮಣ್ಣಿನ ಮೇಡಂ