ನನಗೆ ಕುಣಿಯಲು ಬರುವುದಿಲ್ಲ, ಅಧ್ಯಕ್ಷರೇ

ಮೂರು ತಾಲ್ಲೂಕುಗಳ ಸಾಹಿತ್ಯ ಸಂಭ್ರಮ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಮದುವೆಯಾಯಿತು! ದೂರಿನ ಪತ್ರವನ್ನು ಯಾರೂ ಹೀಗೆ ಶುರು ಮಾಡುವುದಿಲ್ಲ ಎಂದು ನನ್ನ ಗಂಡ ಹೇಳಿದರು. ಆದರೆ ಕಳೆದ ಒಂದು ತಿಂಗಳಿಂದ ನಾನು ಎಲ್ಲವನ್ನೂ ಹೀಗೆಯೇ ಶುರು ಮಾಡುತ್ತಿದ್ದೇನೆ. ಗ್ಯಾಸ್ ಬುಕ್ ಮಾಡುವಾಗ, ಮೀನು ಕೊಳ್ಳುವಾಗ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತರ ಹತ್ತಿರ, ಎಲ್ಲರಿಗೂ ಹೇಳಿಯಾಯಿತು. ನೀವೊಬ್ಬರು ಬಾಕಿ ಇದ್ದಿರಿ. ಈಗ ದೂರು. ಬರುವ ಭಾನುವಾರ ಕೊಪ್ಪದಲ್ಲಿ ನಡೆಯುವ ನಿಮ್ಮ ಸಂಭ್ರಮದ ಆಮಂತ್ರಣ ಪತ್ರಿಕೆ ಕೈಸೇರಿತು. ಮಧ್ಯಾಹ್ನದ ಗೋಷ್ಠಿಯ ವಿಷಯ: ‘ಕಪ್ಪು ಮಹಿಳೆಯರ ಸಾಹಿತ್ಯದಲ್ಲಿ ಪ್ರೀತಿ ಮತ್ತು ಆತ್ಮಶೋಧ’. ಈ ವಿಷಯ ನಾನು ಮಾತನಾಡಲೆಂದು ನಾನೇ ಬರೆದು ಕಳಿಸಿದ್ದು. ಒಂದಕ್ಷರವನ್ನೂ ಬದಲಿಸದೆ ಅಚ್ಚು ಹಾಕಿಸಿದ್ದೀರಿ, ಧನ್ಯವಾದಗಳು. ಮಾತನಾಡುವವರು ನಿವೃತ್ತ ಪ್ರಾಧ್ಯಾಪಕರಾದ ಗಜಾನನ ಅವರು. ಹಾಗಾದರೆ ನಾನೆಲ್ಲಿ ಎಂದು ಹುಡುಕಿದೆ. ಹಿಂದಿನ ಪುಟದಲ್ಲಿ, ಬೆಳಗಿನ ಮೆರವಣಿಗೆಯ ವಿವರದಲ್ಲಿ, ಕೀಲುಕುದುರೆಗೂ ಚೆಂಡೆಗೂ ನಡುವೆ ಸಿಕ್ಕಿದೆ: ‘ಸಿದ್ದಿ ನೃತ್ಯ: ತಸ್ಮಿಯಾ ಮತ್ತು ತಂಡ’.

ತಂಡ! ಸದ್ಯಕ್ಕೆ ನನ್ನ ತಂಡದಲ್ಲಿರುವವರು ನನ್ನ ಗಂಡ ಒಬ್ಬರೇ. ಅವರಿಗೆ ಜೆರಾಕ್ಸ್ ಅಂಗಡಿ ಬಿಟ್ಟು ಬರಲಾಗುವುದಿಲ್ಲ.

ನಾನು ಹಳಿಯಾಳ ತಾಲ್ಲೂಕಿನ ಸಿದ್ದಿ ಹುಡುಗಿ. ಈಗ ಹೆಂಗಸು ಎನ್ನಬೇಕೇನೋ, ಇನ್ನೂ ಅಭ್ಯಾಸವಾಗಿಲ್ಲ. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ನೂರಾರು ವರ್ಷಗಳಾದವು. ಮನೆಯಲ್ಲಿ ಉರ್ದುವನ್ನೂ ಕನ್ನಡವನ್ನೂ ಕಲಸಿ ಮಾತಾಡುತ್ತೇವೆ. ಕೂದಲು ಮಾತ್ರ ಇನ್ನೂ ಹಳೆಯ ಊರು ಬಿಟ್ಟು ಬಂದಿಲ್ಲ. ಓದಿದ್ದು ಹಾಸ್ಟೆಲ್‌ನಲ್ಲಿ, ಇಂಗ್ಲಿಷ್ ಮೀಡಿಯಂ. ಈಗ ಎನ್.ಆರ್. ಪುರದ ಖಾಸಗಿ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಮತ್ತು ನನಗೆ ಕುಣಿಯಲು ಬರುವುದಿಲ್ಲ. ಇದನ್ನು ವಿನಯಕ್ಕಾಗಿ ಹೇಳುತ್ತಿಲ್ಲ. ನಮ್ಮ ಕಡೆಯ ಮದುವೆಗಳಲ್ಲಿ ಹೆಂಗಸರು ಡಮಾಮಿ ಎಂಬ ಚರ್ಮವಾದ್ಯ ಬಾರಿಸಿಕೊಂಡು ಕುಣಿಯುತ್ತಾರೆ. ಆ ಹೊತ್ತಿಗೆ ನನಗೆ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಕೊಡುತ್ತಾರೆ. ನನ್ನ ಮದುವೆಯಲ್ಲಿ ಯಾರೂ ತಡೆಯುವಂತಿರಲಿಲ್ಲ, ಹಾಗಾಗಿ ಕುಣಿದೆ. ಗಂಡನ ಕಾಲ್ಬೆರಳಿನ ಉಗುರು ಇನ್ನೂ ನೀಲಿಯಾಗಿದೆ.

ಆಮಂತ್ರಣ ನೋಡಿದ ಮರುದಿನವೇ ಗಂಡನ ಬೈಕು ಹತ್ತಿ ಕೊಪ್ಪಕ್ಕೆ, ನಿಮ್ಮ ಕಚೇರಿಗೆ ಬಂದೆ. ನೀವಿರಲಿಲ್ಲ. ಕಾರ್ಯದರ್ಶಿ ಧರ್ಮೇಶ್ ಅವರಿದ್ದರು. ಒಳ್ಳೆಯ ಮನುಷ್ಯರು. ಕುರ್ಚಿ ಕೊಟ್ಟರು, ಟೀ ತರಿಸಿದರು, ಮದುವೆಯ ಸುದ್ದಿ ಕೇಳಿ ಸಂತೋಷಪಟ್ಟರು.

“ಎಂತ ಮಾಡೋದು ಮೇಡಂ, ಮೆರವಣಿಗೆಗೆ ಒಂದು ಕಳೆ ಬೇಕಲ್ಲ ಮಾರಾಯ್ರೆ,” ಎಂದರು. “ಗೋಷ್ಠಿಗೆ ಯಾರು ಕೂರ್ತಾರೆ? ಊಟ ಆದ್ಮೇಲೆ ಅರ್ಧ ಪೆಂಡಾಲು ಖಾಲಿ. ಮೆರವಣಿಗೇಲಿ ಇದ್ರೆ ಇಡೀ ಕೊಪ್ಪ ನಿಮ್ಮನ್ನ ನೋಡುತ್ತೆ.”

“ಸರ್, ನನಗೆ ಕುಣಿಯೋಕೆ ಬರಲ್ಲ.”

“ಹಾಗಂದ್ರೆ ಹೇಗೆ? ನಿಮ್ಮೋರಿಗೆ ಅದು ರಕ್ತದಲ್ಲೇ ಇರುತ್ತಲ್ಲ!”

ನನ್ನ ಗಂಡ ಸಕ್ಲೇನ್ ಟೀ ಲೋಟ ಕೆಳಗಿಟ್ಟರು. “ಮದುವೆಗೆ ಮುಂಚೆ ರಕ್ತ ಪರೀಕ್ಷೆ ಮಾಡ್ಸಿದ್ವಿ ಸರ್. ಹಿಮೋಗ್ಲೋಬಿನ್ ಸ್ವಲ್ಪ ಕಮ್ಮಿ ಅಂತ ಬಂತು. ಬೇರೆ ಎಂತದೂ ಇರ್ಲಿಲ್ಲ.”

ತಮಾಷೆಯೆಂದುಕೊಂಡು ಧರ್ಮೇಶ್ ಅವರು ಜೋರಾಗಿ ನಕ್ಕರು. ನಾವು ಹೊರಡುವಾಗ ಬಾಗಿಲವರೆಗೂ ಬಂದು ಮೆಲ್ಲಗೆ ಕೇಳಿದರು: “ಸೊಪ್ಪಿನ ಡ್ರೆಸ್ ನೀವೇ ತರ್ತೀರಾ, ಇಲ್ಲಾ ನಾವೇ ವ್ಯವಸ್ಥೆ ಮಾಡೋದಾ?”

ಈ ಮಾತನ್ನು ಅತ್ತೆಗೆ ಹೇಳಬಾರದಿತ್ತು. ಆದರೆ ನನ್ನ ಹೊಟ್ಟೆಯಲ್ಲಿ ಯಾವ ಮಾತೂ ಉಳಿಯುವುದಿಲ್ಲ, ಹೇಳಿಬಿಟ್ಟೆ. ಅತ್ತೆ ಶಕೀಲಾ ಮೀನಿಗೆ ಮಸಾಲೆ ಹಚ್ಚುತ್ತಿದ್ದವರು ಕೈ ನಿಲ್ಲಿಸಿದರು. “ಸೊಪ್ಪಾ? ನಮ್ಮನೆ ದುಲ್ಹನ್ ಸೊಪ್ಪು ಕಟ್ಕೊಂಡು ಬೀದೀಲಿ ಬರೋದಾ? ಅಷ್ಟು ಆಸೆ ಇದ್ರೆ ಅಧ್ಯಕ್ಷರೇ ಕಟ್ಕೊಳ್ಳಲಿ. ಹಿತ್ತಲಲ್ಲಿ ಕೆಸುವಿನ ಎಲೆ ಬೇಕಾದಷ್ಟಿದೆ, ಕೊಟ್ಟು ಕಳಿಸ್ತೀನಿ!” ಮಾನ್ಯರೇ, ನನ್ನನ್ನು ಮೊದಲ ಸಲ ನೋಡಿದ ದಿನ ನೆಂಟರ ಮುಂದೆ “ಹುಡುಗಿ ಸ್ವಲ್ಪ...” ಎಂದು ನಿಲ್ಲಿಸಿ, ನಾನು ಕೇಳಿಸಿಕೊಂಡದ್ದು ಕಂಡು “ಎತ್ತರ” ಎಂದು ಮುಗಿಸಿದವರು ಇದೇ ಅತ್ತೆ. ಅಷ್ಟರಿಂದ ಇಷ್ಟು ದೂರ ಅವರು ಬಂದಿದ್ದಾರೆ. ನಿಮ್ಮ ಸಮಿತಿಗೆ ಎಷ್ಟು ಕಾಲ ಬೇಕಾಗಬಹುದು?

ನನಗೇನೂ ಇದು ಹೊಸದಲ್ಲ. ಕಳೆದ ವರ್ಷ ಕಾಲೇಜಿನ ಹುಡುಗಿಯರನ್ನು ಶೃಂಗೇರಿಗೆ ಕರೆದುಕೊಂಡು ಹೋಗಿದ್ದೆ. ಲಾಡ್ಜಿನ ಕೌಂಟರಿನಲ್ಲಿದ್ದವರು ನನ್ನ ಮುಖ ನೋಡಿ ಪಾಸ್‌ಪೋರ್ಟ್ ಕೇಳಿದರು. “ನಾನು ಹಳಿಯಾಳದವಳು” ಎಂದೆ, ಕನ್ನಡದಲ್ಲಿ. “ಅದು ಯಾವ ದೇಶದಲ್ಲಿ ಬರುತ್ತೆ?” ಎಂದರು, ಅವರೂ ಕನ್ನಡದಲ್ಲೇ. ನಾನೇನು ಮಾಡಿದೆ ಗೊತ್ತೇ? ಜಗಳವಾಡಲಿಲ್ಲ. ಹುಡುಗಿಯರನ್ನು ಹೊಳೆಯ ಮೆಟ್ಟಿಲ ಮೇಲೆ ಕೂರಿಸಿ, ಕಪ್ಪು ಹೆಣ್ಣು ಬಾಯಿ ತೆರೆಯುವ ಮೊದಲೇ ಲೋಕ ಅವಳು ಯಾರೆಂದು ತೀರ್ಮಾನಿಸಿರುತ್ತದೆ ಎಂಬ ವಿಷಯದ ಮೇಲೆ ದೊಡ್ಡ ಉಪನ್ಯಾಸ ಕೊಟ್ಟೆ. ಮೀನುಗಳಿಗೆ ಮಂಡಕ್ಕಿ ಹಾಕುತ್ತಿದ್ದ ಹುಡುಗಿಯರು ಹೂಂ ಹೂಂ ಎಂದರು. ಆ ಉಪನ್ಯಾಸ ಕೌಂಟರಿನವರಿಗೆ ಸಲ್ಲಬೇಕಿತ್ತು ಎಂಬುದು ನನಗೆ ಹೊಳೆದದ್ದು ವಾಪಸು ಬರುವ ಬಸ್ಸಿನಲ್ಲಿ.

ಈ ವಿಷಯದ ಹುಚ್ಚು ಹಿಡಿದದ್ದು ಹೈಸ್ಕೂಲಿನಲ್ಲಿ. ಹಾಸ್ಟೆಲ್ ಲೈಬ್ರರಿಯಲ್ಲಿ ಅಮೆರಿಕದ ಕಪ್ಪು ಲೇಖಕಿಯೊಬ್ಬರ ಕಾದಂಬರಿ ಸಿಕ್ಕಿತು. ಅಲ್ಲಿಯವರೆಗೆ ನಾನು ಓದಿದ ಪುಸ್ತಕಗಳಲ್ಲಿ ನಾಯಕಿಯರ ಕೂದಲು ಗಾಳಿಗೆ ಹಾರುತ್ತಿತ್ತು. ನನ್ನದು ಚಂಡಮಾರುತಕ್ಕೂ ಹಾರುವುದಿಲ್ಲ. ಈ ಪುಸ್ತಕದವಳ ಕೂದಲು ನನ್ನದರ ಹಾಗೆಯೇ ಇತ್ತು. ಅವಳು ಪ್ರೀತಿಸುತ್ತಾಳೆ, ಸಿಟ್ಟಾಗುತ್ತಾಳೆ, ಬಿಟ್ಟು ಹೋಗುತ್ತಾಳೆ. ಬೇರೆ ಯಾರದೋ ಕಥೆಗೆ ನೀರು ತಂದುಕೊಟ್ಟು ಮರೆಯಾಗುವುದಿಲ್ಲ. ಪುಸ್ತಕವನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟೆ. ರಜೆಗೆ ಊರಿಗೆ ಹೋಗುವಷ್ಟರಲ್ಲಿ ನಾನು ಪೂರ್ತಿ ಅಮೆರಿಕದವಳಾಗಿದ್ದೆ. ನನ್ನನ್ನು ಸಾಕಿದ ರುಬೀನಾ ಖಾಲಾ, ಅಂದರೆ ನನ್ನ ತಾಯಿಯ ಅಕ್ಕ, ಹಿತ್ತಲಲ್ಲಿ ಕಟ್ಟಿಗೆ ಒಡೆಯುತ್ತಿದ್ದರು. ಅವರೆದುರು ನಿಂತು ಗಂಭೀರವಾಗಿ ಕೇಳಿದೆ: “ಖಾಲಾ, ತಲೆತಲಾಂತರದಿಂದ ನಮ್ಮನ್ನ ಕಾಡ್ತಿರೋ ನೋವು ಯಾವುದು?”

“ಮೊಣಕಾಲ,” ಎಂದರು ಖಾಲಾ. “ನಿಮ್ಮಜ್ಜಿಗೂ ಇತ್ತು. ಆ ಕಟ್ಟಿಗಿ ಒಳಗ ಒಯ್ದು ಇಡು.”

ಇಷ್ಟಾದರೂ ಬುದ್ಧಿ ಬರಲಿಲ್ಲ. ಆ ಕಾದಂಬರಿಗಳ ಮೇಲೆಯೇ ಪಿಎಚ್.ಡಿ. ಪ್ರಬಂಧ ಬರೆದೆ. ಅದನ್ನು ಪ್ರಿಂಟ್ ಹಾಕಿಸಲು ಎನ್.ಆರ್. ಪುರ ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯವರು ಯಾರೆಂದು ನೀವು ಊಹಿಸಿರುತ್ತೀರಿ, ಆದರೂ ಹೇಳುತ್ತೇನೆ: ಸಕ್ಲೇನ್! ಕರೆಂಟು ಹೋಗುತ್ತಾ ಬರುತ್ತಾ ಇತ್ತು. ನಾನು ಸ್ಟೂಲಿನ ಮೇಲೆ ಕಾಯುತ್ತಿದ್ದೆ. ಬಂದ ಹಾಳೆಗಳನ್ನು ಅವರು ಜೋಡಿಸುತ್ತಾ ಓದುತ್ತಿದ್ದರು.

“ಹೆಸರು ಪ್ರೀತಿ ಅಂತ ಇಟ್ಟಿದೀರಿ ಮೇಡ್ಮೋರೆ,” ಎಂದರು. “ಒಳಗೆ ಬರೀ ಅಡಿಟಿಪ್ಪಣಿ. ಪ್ರೀತಿ ಯಾವ ಪುಟದಲ್ಲಿ ಬರುತ್ತೆ?”

“ಅದು ಥಿಯರಿ. ನಿಮಗೆ ಅರ್ಥ ಆಗಲ್ಲ.”

“ಇರಬಹುದು, ನಂದು ಬರೀ ಬಿ.ಕಾಂ. ಆದ್ರೂ ಕೇಳ್ತೀನಿ, ನಿಮ್ಮೂರಲ್ಲಿ ಯಾರೂ ಯಾರನ್ನೂ ಪ್ರೀತಿಸೇ ಇಲ್ವಾ?”

ಸಿಟ್ಟು ಬಂತು. ಬೈಂಡಿಂಗ್ ಬೇಡ ಎಂದು ಹೇಳಿ ಹೊರಟುಬಂದೆ. ಮರುದಿನ ಬೈಂಡಿಂಗ್ ಬೇಕು ಎಂದು ಹೋದೆ. ಆಮೇಲೆ ಬೈಂಡ್ ಮಾಡಿಸಲು ಏನೂ ಇಲ್ಲದಾಗಲೂ ಹೋದೆ. ಮುಂದಿನದು ಇಡೀ ಬಸ್ ಸ್ಟ್ಯಾಂಡಿಗೆ ಗೊತ್ತು.

ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಮದುವೆಗೆಂದು ಊರಿಗೆ ಹೋದಾಗ ಖಾಲಾ ನನ್ನ ಕೈಗೆ ಮೆಹಂದಿ ಹಚ್ಚುತ್ತಿದ್ದರು. ಕೈ ಅಲ್ಲಾಡಿಸುವಂತಿಲ್ಲ, ಫೋನ್ ಹಿಡಿಯುವಂತಿಲ್ಲ. ಕೇಳಿಯೇಬಿಟ್ಟೆ: “ಖಾಲಾ, ನೀವು ಯಾರನ್ನಾದ್ರೂ ಪ್ರೀತಿಸಿದ್ರಾ?” ಖಾಲಾ ಮೆಹಂದಿ ಕೋನ್ ಕೆಳಗಿಟ್ಟು ಹೇಳತೊಡಗಿದರು. ಗಂಡ ತೀರಿಕೊಂಡ ಮೇಲೆ, ಇವಳ ಬದುಕಿನಲ್ಲಿ ಇನ್ನೇನೂ ಉಳಿದಿಲ್ಲ ಎಂದು ಓಣಿಯವರೆಲ್ಲ ಅಂದುಕೊಂಡಿದ್ದ ವಯಸ್ಸಿನಲ್ಲಿ, ಅವರು ತಾವಾಗಿಯೇ ಒಬ್ಬರಿಗೆ ಪ್ರೀತಿ ತಿಳಿಸಿ ಅವರ ಮನಸ್ಸನ್ನು ಕೇಳಿದ ಕಥೆ ಅದು. ಏನೆಂದು ಕೇಳಿದರು, ಓಣಿ ಏನೆಂದಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಇಷ್ಟು ಹೇಳಬಲ್ಲೆ: ಸಾಗರದಾಚೆಯ ಪುಸ್ತಕಗಳಲ್ಲಿ ನಾನು ಯಾವ ಸಾಲುಗಳ ಕೆಳಗೆ ಗೆರೆ ಎಳೆದಿದ್ದೆನೋ ಅವುಗಳಂತೆ ಬದುಕಿದವರು ನನ್ನೆದುರು ಕೂತು ನನ್ನ ಕೈಗೆ ಬಣ್ಣ ಹಚ್ಚುತ್ತಿದ್ದರು. ಆ ಪುಸ್ತಕಗಳನ್ನು ಹಳಿಯುತ್ತಿಲ್ಲ. ಅವನ್ನು ಓದಿರದಿದ್ದರೆ ಖಾಲಾರನ್ನು ಹೀಗೆ ಕೇಳಬಹುದು ಎಂದೇ ನನಗೆ ತೋಚುತ್ತಿರಲಿಲ್ಲ.

“ಇದನ್ನ ಸಭೆಯಲ್ಲಿ ಹೇಳ್ಲಾ ಖಾಲಾ?” ಎಂದೆ.

ಖಾಲಾ ಕೋನ್ ಮತ್ತೆ ಕೈಗೆತ್ತಿಕೊಂಡರು. “ನೀ ಹೇಳೂದಾದ್ರ ನಾ ಬಂದು ಮುಂದ ಕುಂತು ಕೇಳ್ತೀನಿ. ಬ್ಯಾರೇದವರ ಬಾಯಾಗ ಹೋಗೂದು ಬ್ಯಾಡ.” ನಾನು ಮಾತು ಕೊಟ್ಟೆ.

ಈಗ ನನ್ನ ಪರಾಕ್ರಮ ಕೇಳಿ. ಆಮಂತ್ರಣ ಅಚ್ಚಾಗುವ ಮೊದಲು ಗಜಾನನ ಸರ್ ಫೋನ್ ಮಾಡಿದರು. “ಆ ಗೋಷ್ಠಿಗೆ ನನ್ನನ್ನ ಕರೆದಿದಾರಮ್ಮ, ವಿಷಯ ನನಗೆ ಹೊಸದು, ಸ್ವಲ್ಪ ಹೇಳ್ತೀಯಾ?” ಎಂದರು. ಇವರು ಗೋಷ್ಠಿಯ ಅಧ್ಯಕ್ಷತೆ ವಹಿಸುವವರಿರಬೇಕು ಎಂದುಕೊಂಡೆ. ಮದುವೆಯಾಗಿ ವಾರವಾಗಿತ್ತಷ್ಟೆ, ಲೋಕದವರೆಲ್ಲ ನನ್ನ ನೆಂಟರಂತೆ ಕಾಣುತ್ತಿದ್ದರು. ಪುಸ್ತಕಗಳ ಸಾರವನ್ನೆಲ್ಲ ಹೇಳಿದೆ. ಅವರು ಬರೆದುಕೊಳ್ಳಲಿ ಎಂದು ನಿಧಾನವಾಗಿ ಹೇಳಿದೆ. ಅಷ್ಟೂ ಸಾಲದೆ ಖಾಲಾರ ಕಥೆಯನ್ನೂ ಹೇಳಿದೆ, ಅದೂ ಅಳುತ್ತಾ. “ಇದನ್ನ ಕೊನೆಗೆ ಹೇಳಿದ್ರೆ ಸಭೇಲಿ ಒಬ್ರೂ ಎದ್ದು ಹೋಗಲ್ಲ ನೋಡು,” ಎಂದರು. “ಹೌದು ಸರ್!” ಎಂದು ಕುಣಿದಾಡಿದೆ. ತನ್ನ ಮನೆಯ ಬಾಗಿಲನ್ನು ತಾನೇ ತೆರೆದು, ಸಾಮಾನನ್ನೆಲ್ಲ ಗಾಡಿಗೆ ಹೇರಿಸಿ, ಟಾಟಾ ಮಾಡಿ ಕಳಿಸಿದವಳನ್ನು ನೀವು ನೋಡಿದ್ದೀರಾ? ಬೇಕಿದ್ದರೆ ಫೋಟೋ ಕಳಿಸುತ್ತೇನೆ, ಮದುವೆಯ ಆಲ್ಬಮ್ಮಿನಲ್ಲಿ ಬೇಕಾದಷ್ಟಿವೆ.

ಗಜಾನನ ಸರ್ ಅವರದೇನೂ ತಪ್ಪಿಲ್ಲ. ಆಮಂತ್ರಣ ನೋಡಿ ನಾನು ಫೋನ್ ಮಾಡಿದಾಗ ಅವರೇ ಪೇಚಾಡಿಕೊಂಡರು. “ನೀನು ಮಾತಾಡಲ್ಲ ಅಂದಿದೀಯ ಅಂದ್ಕೊಂಡಿದ್ನಲ್ಲಮ್ಮ! ಅಧ್ಯಕ್ಷರು ಒಂದು ಮಾತು ಹೇಳಲಿ, ಈಗಲೇ ಬಿಟ್ಟುಕೊಡ್ತೀನಿ. ಆ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡೋ ಕಷ್ಟ ನನಗೂ ತಪ್ಪುತ್ತೆ.” ಆದ್ದರಿಂದ ಎಲ್ಲವೂ ನಿಮ್ಮ ಒಂದು ಮಾತಿನ ಮೇಲೆ ನಿಂತಿದೆ.

ಕುಣಿತ ಕೀಳೆಂದು ನಾನು ಹೇಳುತ್ತಿಲ್ಲ. ಖಾಲಾ ಡಮಾಮಿ ಕೈಗೆತ್ತಿಕೊಂಡರೆ ಓಣಿ ಎದ್ದು ನಿಲ್ಲುತ್ತದೆ. ಬಾಯಿ ಜಾರಿ ಇದನ್ನೂ ನಿಮ್ಮ ಕಾರ್ಯದರ್ಶಿಗಳಿಗೆ ಹೇಳಿಬಿಟ್ಟೆ. “ಹಾಗಾದ್ರೆ ಅವರನ್ನೇ ಕರೆಸಿ!” ಎಂದರು. ಖಾಲಾಗೆ ಫೋನಿನಲ್ಲಿ ತಿಳಿಸಿದೆ.

“ಅಧ್ಯಕ್ಷರ ಮನ್ಯಾಗ ಮದವಿ ಐತೇನ?” ಎಂದು ಕೇಳಿದರು.

“ಇಲ್ಲ ಖಾಲಾ, ಸಾಹಿತ್ಯ ಸಂಭ್ರಮ.”

“ಮತ್ತ ನಾ ಯಾಕ ಕುಣೀಲಿ? ಸಾಹಿತ್ಯ ಅಂದ್ರ ಕುಂತು ಕೇಳೂದಲ್ಲೇನ?”

ಈ ಪ್ರಶ್ನೆಯನ್ನು ಹಾಗೆಯೇ ನಿಮಗೆ ದಾಟಿಸುತ್ತಿದ್ದೇನೆ. ನಿಮ್ಮ ಬಳಿ ಉತ್ತರ ಇದೆಯೇ? ಕಪ್ಪು ಹೆಣ್ಣಿನ ಆತ್ಮಶೋಧವನ್ನು ಪೆಂಡಾಲಿನ ಒಳಗೆ ಬೇರೊಬ್ಬರು ವಿವರಿಸಬೇಕು, ಆ ಹೆಣ್ಣು ಹೊರಗೆ ಬಿಸಿಲಿನಲ್ಲಿ ಕುಣಿಯುತ್ತಿರಬೇಕು, ಇದು ಯಾರ ಏರ್ಪಾಟು? ಅಡಿಕೆ ಬೆಳೆಗಾರರ ಸಮಾವೇಶ ಮಾಡಿದರೆ ಅವರನ್ನು ಮರ ಹತ್ತಿಸಿ ತೋರಿಸುತ್ತೀರಾ? ಅಧ್ಯಕ್ಷ ಭಾಷಣಕ್ಕೆ ಮುಂಚೆ ನೀವು ಒಂದು ಸುತ್ತು ಕುಣಿದು ಬರುತ್ತೀರಾ? ನಾನು ಪ್ರೀತಿಸುವ ಆ ಲೇಖಕಿಯರು ಪುಟಗಟ್ಟಲೆ ಕೇಳಿದ್ದು ಇಷ್ಟೇ: ನನ್ನ ಕಥೆ ನಾನು ಹೇಳುತ್ತೇನೆ, ನೀವು ಕೂತು ಕೇಳಿ. ಅವರ ಸಾಹಿತ್ಯದ ಮೇಲೆ ಗೋಷ್ಠಿ ಇಟ್ಟುಕೊಂಡವರಿಗೆ ಇಷ್ಟು ಮಾಡಲಾಗದೇ?

ನನ್ನ ಬೇಡಿಕೆ ದೊಡ್ಡದಲ್ಲ. ಮೆರವಣಿಗೆಯಿಂದ ನನ್ನ ಹೆಸರು ತೆಗೆಯಿರಿ. ಮಧ್ಯಾಹ್ನ ಮೈಕಿನ ಮುಂದೆ ನನ್ನನ್ನು ನಿಲ್ಲಿಸಿ. ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಕಾದಿರಿಸಿ. ಎರಡು ಏಕೆಂದರೆ ಖಾಲಾ ಒಬ್ಬರೇ ಬರುತ್ತಿಲ್ಲ. ಅಂದು ಅವರು ಯಾರ ಮನಸ್ಸನ್ನು ಕೇಳಿದ್ದರೋ ಅವರೂ ಜೊತೆಗೆ ಬರುತ್ತಿದ್ದಾರೆ. ಇದು ಆಗದೆಂದು ನೀವು ಹೇಳಿದರೂ ಅವರಿಗೆ ಬರಬೇಡಿ ಎನ್ನಲು ನನ್ನಿಂದಾಗದು. ಟಿಕೆಟ್ ತೆಗೆದಾಗಿದೆ, ಖಾಲಾ ಹೊಸ ಸೀರೆ ಕೊಂಡಿದ್ದಾರೆ. ಆ ಪೆಂಡಾಲಿನಲ್ಲಿ ಅವರಿಬ್ಬರೂ ತಮ್ಮ ಪ್ರೀತಿಯ ಕಥೆಯನ್ನು ಯಾರ ಬಾಯಿಂದ ಕೇಳಬೇಕು ಎಂಬುದನ್ನು ನೀವೇ ತೀರ್ಮಾನಿಸಿ.

ಇಂತಿ,
ಮದುವೆಯ ಅಮಲು ಇಳಿಯುವ ಮೊದಲೇ ಊರಿನೊಡನೆ ಜಗಳಕ್ಕಿಳಿದಿರುವ,
ತಸ್ಮಿಯಾ
ನರಸಿಂಹರಾಜಪುರ

ತಾ.ಕ.: ನಿಮ್ಮ ಉತ್ತರ ಶನಿವಾರದೊಳಗೆ ಬಂದರೆ ಸ್ಟೇಷನ್ನಿನಲ್ಲಿ ಅವರ ಮುಖ ನೋಡಲು ನನಗೆ ಧೈರ್ಯವಿರುತ್ತದೆ. ಅವರು ಬರುವುದು ಶನಿವಾರ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ಇಂಟರ್‌ಸಿಟಿಯಲ್ಲಿ, ಬೀರೂರಿಗೆ.