ಒರೆಸಿದ ನೆಲ, ಹಿಂದಿನ ಗೇಟು

ಯಾವ ಮಗು ಯಾವ ಶಾಲೆಗೆಂದು ಗೆರೆ ಎಳೆಯುವ ಮಾನ್ಯ ಅಧಿಕಾರಿಗಳೇ,

ಮುಂದಿನ ರಸ್ತೆಯ ಶಾಲೆಯಲ್ಲಿ ನನ್ನ ತಂಗಿಗೆ ಸೀಟಿಲ್ಲ ಎಂದು ನಿಮ್ಮ ಕಚೇರಿಯಲ್ಲಿ ಹೇಳಿ ಕಳಿಸಿದಿರಿ. ಕಾರಣ, ನಾವು ಹಿಂದಿನ ಗೇಟಿನಿಂದ ಓಡಾಡುತ್ತೇವಂತೆ. ಅದು ನಿಜವೇ. ಹಾಗಾಗಿ ಕೂಗಾಡದೆ ಈ ಪತ್ರ ಬರೆಯುತ್ತಿದ್ದೇನೆ.

ಉಳ್ಳವರೂ ಇಲ್ಲದವರೂ ಒಂದೇ ಕಟ್ಟಡದಲ್ಲಿರಲಿ, ಮಕ್ಕಳು ಒಂದೇ ಬೆಂಚಿನಲ್ಲಿ ಕೂರಲಿ ಎಂದು ಯೋಜನೆ ಮಾಡಿದವರು ನೀವು. ಬಹಳ ದೊಡ್ಡ ಮನಸ್ಸು. ಹಿಂಬದಿಯ ಮನೆಗಳನ್ನು ಕಡಿಮೆ ಬಾಡಿಗೆಗೆ ನಮ್ಮಂಥವರಿಗೆ ಕೊಟ್ಟಿರಿ. ಎರಡೂ ಗೇಟು ಎಲ್ಲರಿಗೂ ಎಂದು ಬರೆದೂ ಕೊಟ್ಟಿರಿ. ಆಮೇಲೆ, ಯಾವ ಗೇಟಿನಿಂದ ಓಡಾಡುತ್ತಾರೋ ಆ ರಸ್ತೆಯ ಶಾಲೆ ಎಂಬ ನಿಯಮ ತಂದಿರಿ. ಬೆರೆಸಿದ ಕೈಯಲ್ಲೇ ಜರಡಿಯನ್ನೂ ಹಿಡಿದಿರಿ.

ಯಾರು ಯಾವ ಗೇಟು ಬಳಸುತ್ತಾರೆಂದು ತಪಾಸಣೆಗೆ ಬಂದ ನಿಮ್ಮ ಗುಮಾಸ್ತರು ಕೆಟ್ಟವರಲ್ಲ. "ಮುಂದಿನ ಗೇಟನ್ನೂ ಬಳಸ್ತೀರಿ ಅಲ್ವಮ್ಮಾ?" ಎಂದು ಉತ್ತರವನ್ನು ಬಾಯಿಗೇ ಇಟ್ಟು ಕೇಳಿದರು. ಅಮ್ಮ ಅದೇ ಕಟ್ಟಡದ ಮುಂದಿನ ಲಾಬಿ ಒರೆಸುವವಳು.

"ಅಯ್ಯೋ, ಇಲ್ಲ ಸಾರ್! ಒರೆಸಿದ್ ನೆಲಾನ ನಾನೇ ತುಳೀಲಾ? ಮಕ್ಕಳಿಗೂ ಹೇಳಿದೀನಿ, ಆ ಕಡೆ ಬಂದ್ರೆ ಕಾಲು ಮುರೀತೀನಿ ಅಂತ."

"ಯಾವತ್ತಾದ್ರೂ ಒಂದ್ಸಲ?"

"ಒಂದ್ಸಲಾನೂ ಇಲ್ಲ. ಬೇಕಾದ್ರೆ ಇವನನ್ನೇ ಕೇಳಿ."

ಗುಮಾಸ್ತರು ನನ್ನ ಮುಖ ನೋಡಿದರು. "ಹೌದು ಸಾರ್, ಹೋಗಲ್ಲ" ಎಂದೆ. ಅದು ಶಾಲೆ ಸೀಟಿನ ಲೆಕ್ಕವೆಂದು ಆಗ ನಮಗೆ ಗೊತ್ತಿರಲಿಲ್ಲ. ಅವರು ನಿಟ್ಟುಸಿರು ಬಿಟ್ಟು ಬರೆದುಕೊಂಡರು. ಒಳ್ಳೆ ಹೆಸರು ಬಂತೆಂದು ಅಮ್ಮ ಆ ದಿನವೆಲ್ಲ ಬೀಗುತ್ತಿದ್ದಳು.

ಹಿಂದಿನ ರಸ್ತೆಯ ಶಾಲೆ ನನಗೆ ಗೊತ್ತು. ಎಂಟನೇ ತರಗತಿಯಲ್ಲಿ ನಾನು ಬಿಟ್ಟದ್ದು ಅದನ್ನೇ. ಯಾರೂ ಓಡಿಸಲಿಲ್ಲ, ಕೂತಲ್ಲಿ ಕೂರದ ಜಾಯಮಾನ ನನ್ನದು. ಆದರೆ ಹಿಡಿದು ಕೂರಿಸಲು ಯಾರಿಗಾದರೂ ಪುರುಸೊತ್ತಿತ್ತೇ? ಯಾರು ತಿಂದಿಲ್ಲ, ಯಾರಿಗೆ ಜ್ವರ, ಯಾರ ಮನೆ ಖಾಲಿ ಮಾಡಿಸಿದರು ಎಂದು ವಿಚಾರಿಸುವುದರಲ್ಲೇ ಟೀಚರ ಅರ್ಧ ದಿನ ಕಳೆಯುತ್ತಿತ್ತು. ಅಂಥ ಮಗು ಒಂದೋ ಎರಡೋ ಇದ್ದರೆ ಅವರು ದಡ ಹತ್ತಿಸಿಯಾರು. ಇಡೀ ತರಗತಿಯೇ ಹಾಗಿದ್ದರೆ ಏನು ಮಾಡಿಯಾರು? ಊರಿನ ಬಡತನವನ್ನೆಲ್ಲ ಗುಡಿಸಿ ಒಂದೇ ಕೋಣೆಗೆ ತುಂಬಿ, ಫಲಿತಾಂಶ ಕಡಿಮೆ ಬಂತೆಂದು ಅದೇ ಟೀಚರನ್ನು ಬೈಯುವವರೂ ನೀವೇ ಅಲ್ಲವೇ?

ತಂಗಿ ನನ್ನ ಹಾಗಲ್ಲ. ಔಷಧಿ ಬಾಟಲಿಗೆ ಅಂಟಿಸಿದ ಚೀಟಿಯನ್ನೂ ಬಿಡದೆ ಓದುತ್ತಾಳೆ. ಇನ್ನು ಮೇಲೆ ದಿನಾ ಮುಂದಿನ ಗೇಟಿನಿಂದಲೇ ಕರೆದುಕೊಂಡು ಹೋಗುತ್ತೇನೆ ಎಂದು ಕಚೇರಿಯಲ್ಲಿ ಗೋಗರೆದೆ. "ಈ ವರ್ಷದ ತಪಾಸಣೆ ಮುಗೀತಪ್ಪ" ಎಂದರು.

ಅವಳಿಗೆ ಸೀಟು ಕೊಡಿ. ಇದೇ ನನ್ನ ಬೇಡಿಕೆ. ಕೊಡಲಾರಿರಿ ಎಂಬುದೂ ಗೊತ್ತು. ಹಾಗಾದರೆ ಇಷ್ಟಾದರೂ ಮಾಡಿ: ಮನೆಗೆ ಕಳಿಸುವ ಪತ್ರದಲ್ಲಿ ಕಾರಣ ಬರೆಯಬೇಡಿ. ಅಮ್ಮನಿಗೆ ಓದು ಬಾರದು. ಬಂದ ಕಾಗದಗಳನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳುವವಳು ತಂಗಿ. ಸೀಟು ಭರ್ತಿಯಾಗಿದೆ ಎಂದು ಬರೆದುಬಿಡಿ. ಆ ಸುಳ್ಳು ನನ್ನ ಬಾಯಲ್ಲಿ ಹೊರಡುತ್ತಿಲ್ಲ.

ಇಂತಿ,
ಅವಳಿಗೆ ಇನ್ನೂ ಏನೂ ಹೇಳದ
ಅಣ್ಣ