ಹಿಡಿಯಲು ಕರೆಂಟ್ ಎಲ್ಲಿದೆ?

ಮಾನ್ಯ ವಿದ್ಯುತ್ ಅಧಿಕಾರಿಗಳೇ,

ನಿಮ್ಮ ಕಚೇರಿಯ ಕಾಂಪೌಂಡ್ ಗೋಡೆಯ ಮೇಲೆ ‘ಗ್ಯಾಸ್ ಬಿಡಿ, ಕರೆಂಟ್ ಹಿಡಿ’ ಎಂದು ಬರೆಸಿದ್ದೀರಿ. ಅದನ್ನು ಅಳಿಸಿ. ಹೀಗೆ ಕೇಳುವ ಹಕ್ಕು ನನಗಿದೆ. ಆ ಸಾಲು ನನ್ನದೇ. ಕಳೆದ ವರ್ಷ ನಿಮ್ಮ ಘೋಷಣೆ ಸ್ಪರ್ಧೆಯಲ್ಲಿ ಅದಕ್ಕೆ ಮೊದಲ ಬಹುಮಾನವೆಂದು ಶಾಲು ಹೊದಿಸಿದಿರಿ. ಪ್ರಾಸಕ್ಕೆ ಮರುಳಾಗುವವನು ಶಾಲಿಗೂ ಮರುಳಾದೆ.

ಪಕ್ಕದಲ್ಲೇ ನಿಮ್ಮ ಲೆಕ್ಕವೂ ಇದೆ: ಒಂದು ಬಕೆಟ್ ನೀರು ಕಾಯಿಸಲು ಗ್ಯಾಸಿಗೆ ಐದು ರೂಪಾಯಿ, ಕರೆಂಟಿಗೆ ನಾಲ್ಕು. ಲೆಕ್ಕ ಸರಿಯಿದೆ. ನಂಬಿ, ಗ್ಯಾಸ್ ಗೀಜರ್ ಮಾರಿ ಕರೆಂಟಿನದನ್ನು ಕೂರಿಸಿದೆ. ಆದರೆ ಬಾರದ ಕರೆಂಟಿನಲ್ಲಿ ಕಾಯದ ನೀರು ಬಕೆಟ್ಟಿಗೆ ಎಷ್ಟು ರೂಪಾಯಿ ಬೀಳುತ್ತದೆ? ಆ ಸಾಲು ಬರೆಯಲು ಗೋಡೆ ಸಾಲಲಿಲ್ಲವೇ?

ನನ್ನ ಮಗಳು ಭಾಗ್ಯಾ ಹೆತ್ತು ಇಂದಿಗೆ ಹನ್ನೆರಡು ದಿನ. ಧುಪದಾಳದ ನಮ್ಮ ಓಣಿಯಲ್ಲಿ ಬಾಣಂತಿಯರಿಗೆ ನೀರು ಹಾಕುವ ಲಕ್ಕವ್ವ ಬೆಳಿಗ್ಗೆ ಏಳಕ್ಕೆ ಬರುತ್ತಾಳೆ. ನಿಮ್ಮ ಕರೆಂಟ್ ಆರಕ್ಕೆ ಹೋಗಿ ಒಂಬತ್ತಕ್ಕೆ ಬರುತ್ತದೆ. ಬಾಣಂತಿಯ ಸ್ನಾನಕ್ಕೆ ಒಂದು ಬಕೆಟ್ ಸಾಲದು ಸ್ವಾಮಿ, ಎಂಟು ಕೊಡ ಬೇಕು. ಕೈ ಇಟ್ಟರೆ ಚುರ್ ಎನ್ನಬೇಕು. ಐದಕ್ಕೇ ಕಾಯಿಸಿಟ್ಟರೆ ಏಳಕ್ಕೆ ಉಗುರುಬೆಚ್ಚಗೆ. ಅಡುಗೆ ಒಲೆಯ ಮೇಲೆ ಕಾಯಿಸಿದೆವು. ಇನ್ನೂ ಹದಿನೈದು ದಿನ ಬರಬೇಕಿದ್ದ ಸಿಲಿಂಡರ್ ವಾರಕ್ಕೇ ಮುಗಿಯಿತು, ಮುಂದಿನದು ಇನ್ನೂ ಬಂದಿಲ್ಲ. ಗ್ಯಾಸಿನ ಐದೂ ಹೋಯಿತು, ಕರೆಂಟಿನ ನಾಲ್ಕೂ ಹೋಯಿತು, ನೀರು ಮಾತ್ರ ತಣ್ಣಗೆ ಉಳಿಯಿತು.

ನಿನ್ನೆ ಲಕ್ಕವ್ವ ನೀರಿಗೆ ಕೈ ಅದ್ದಿ, “ಈ ನೀರ ಹಾಕಿದ್ರ ಬಾಣಂತಿ ಸೊಂಟ ಹಿಡೀತೈತಿ. ಆ ಪಾಪ ನನಗ ಬ್ಯಾಡ್ರಿ” ಎಂದು ಸೆರಗು ಕೊಡವಿ ಹೊರಟಳು. ನನ್ನ ತಾಯಿ ಕಾಶೆವ್ವ ನನ್ನತ್ತ ತಿರುಗಿ, “ಕರೆಂಟ್ ಹಿಡಿ ಅಂತ ಊರಿಗೆಲ್ಲಾ ಹೇಳಿದಿ. ಹಿಡಿಯಾಕ ಎಲ್ಲೈತೋ ಅದು? ಹುಡುಗಿ ಸೊಂಟ ಹಿಡದೈತಿ ನೋಡು” ಎಂದಳು. ಕೋಣೆಯಿಂದ ಭಾಗ್ಯಾಳ ದನಿ: “ಅಪ್ಪಾ, ನಿನ್ನ ಬಹುಮಾನದ ಶಾಲ ಕೊಡು, ಸೊಂಟಕ್ಕ ಸುತ್ಕೋತೀನಿ.” ಕೊಟ್ಟೆ.

ನಿಮ್ಮ ಕಚೇರಿಗೆ ಫೋನ್ ಮಾಡಿದರೆ, “ಮಧ್ಯಾಹ್ನ ಜಳಕಾ ಮಾಡಸ್ರಿ, ಆವಾಗ ಇರತೈತಿ” ಎಂಬ ಉಪದೇಶ. ಮಧ್ಯಾಹ್ನ ಲಕ್ಕವ್ವ ಕೂಲಿಗೆ ಹೋಗಿರುತ್ತಾಳೆ. ಹೆರುವುದಕ್ಕೂ ಎರೆಯುವುದಕ್ಕೂ ಇನ್ನು ನಿಮ್ಮ ವೇಳಾಪಟ್ಟಿಯನ್ನೇ ಕೇಳಬೇಕೇ? ನಿಮ್ಮ ಮನೆಯ ಬಚ್ಚಲಿಗೂ ಇದೇ ವೇಳಾಪಟ್ಟಿಯೇ?

ಬಾಣಂತನ ಇನ್ನೂ ಇಪ್ಪತ್ತೆಂಟು ದಿನವಿದೆ. ನಾಳೆಯಿಂದ ಬೆಳಿಗ್ಗೆ ಆರರಿಂದ ಎಂಟರವರೆಗೆ ಕರೆಂಟ್ ಕೊಡಿ. ಆಗದಿದ್ದರೆ ಗೋಡೆಗೆ ಸುಣ್ಣ ಹೊಡೆಸಿ. ಬ್ರಶ್ ನಾನೇ ತರುತ್ತೇನೆ. ಶಾಲನ್ನು ಮಾತ್ರ ವಾಪಸು ಕೇಳಬೇಡಿ. ನಿಮ್ಮ ಇಲಾಖೆಯಿಂದ ನನ್ನ ಮಗಳಿಗೆ ತಲುಪಿದ ಬೆಚ್ಚನೆಯ ವಸ್ತು ಅದೊಂದೇ.

ಇಂತಿ,
ಪ್ರಾಸ ಹಿಡಿದು ಬಿಸಿನೀರು ಬಿಟ್ಟ
ಗುರುಪಾದ, ಬಿ.ಎ.
ಧುಪದಾಳ